ಬಾಳವ್ವತ್ತಿ ಕಟ್ಟಿದ ಗಂಟು

ಹೊಸ ಊರಿನಲ್ಲಿ ಇಳಿದ ಮೇಲೆ ಬಾಳವ್ವತ್ತಿ ಹತ್ತು ಹೆಜ್ಜೆ ನಡೆದು ನಿಂತು ಹಿಂತಿರುಗಿ ನೋಡುತ್ತಿದ್ದಳು. ನಿಲ್ದಾಣದ ಬಾಗಿಲು, ಪಕ್ಕದ ಮರ, ಎದುರಿನ ಚಹಾದಂಗಡಿ, ಇಷ್ಟನ್ನೂ ನೋಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ. "ಹೋಗೂ ಮುಂದ ಕಾಣೂ ಊರು ಬ್ಯಾರೆ, ಬರೂ ಮುಂದ ಕಾಣೂ ಊರು ಬ್ಯಾರೆ. ಬರೂದನ್ನ ಮೊದಲ ನೋಡಿ ಇಟ್ಕೋಬೇಕು" ಎನ್ನುತ್ತಿದ್ದಳು.

ಹಿರೇಬೆಂಡಿಗೇರಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ರಕ್ತಸಂಬಂಧವಿರಲಿಲ್ಲ, ಊರ ರೂಢಿಯಲ್ಲಿ ನನಗೆ ಅತ್ತಿ. ಮಗಳು ತೊಟ್ಟಿಲಲ್ಲಿದ್ದಾಗಲೇ ಗಂಡ ತೀರಿಕೊಂಡಿದ್ದ. ಓದು ಬಾರದು, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ಆದರೂ ಶ್ರೀಶೈಲ, ಪಂಢರಪುರ, ಗೋಕರ್ಣಕ್ಕೆ ಹೆಂಗಸರನ್ನು ಕರೆದುಕೊಂಡು ಹೋಗಿ ಬಂದಿದ್ದಳು. ಕಾಶಿಯನ್ನು ಎರಡು ಸಲ ಕಂಡಿದ್ದಳು. ಅವಳ ಜೊತೆ ಹೋಗುವುದಾದರೆ ಅತ್ತೆಯರು ಸೊಸೆಯರನ್ನೂ ಗಂಡಂದಿರು ಹೆಂಡತಿಯರನ್ನೂ ಎರಡು ಮಾತಾಡದೆ ಕಳಿಸುತ್ತಿದ್ದರು. ಅವಳಿಗಿದ್ದ ಆಸ್ತಿ ಆ ನಂಬಿಕೆಯೊಂದೇ.

"ಖಾಲಿ ನಿಂತ ಗಂಡಸನ್ನ ಹಾದಿ ಕೇಳಬ್ಯಾಡ್ರಿ. ಗೊತ್ತಿಲ್ಲ ಅನ್ನಾಕ ಅವಗ ನಾಚಿಕಿ. ತಪ್ಪು ಹಾದಿನರ ಹೇಳ್ತಾನ. ಬಗಲಾಗ ಕೂಸು ಇದ್ದಾಕಿನ್ನ ಕೇಳ್ರಿ" ಎನ್ನುತ್ತಿದ್ದಳು. ಹೊಸ ಊರಿನ ನೀರು ಕುಡಿಯುವ ಮುಂಚೆ ಹಸಿ ಉಳ್ಳಾಗಡ್ಡಿ ತಿನ್ನಬೇಕು. ಮೊದಲ ದಿನ ಕಟ್ಟಿಕೊಂಡು ಹೋದ ಕಡಕ ರೊಟ್ಟಿಯನ್ನೇ ತಿನ್ನಬೇಕು. ಹಜ್ ಯಾತ್ರೆಗೆ ಹೊರಟ ಸವಣೂರಿನ ಎಲೆ ವ್ಯಾಪಾರಿಯೊಬ್ಬರು ಕೂಡ ಅವಳ ಕಟ್ಟೆಗೆ ಬಂದು ಕುಳಿತಿದ್ದನ್ನು ನಾನು ನೋಡಿದ್ದೇನೆ. ಅತ್ತಿ ನಕ್ಕಿದ್ದಳು. "ಹಡಗ ನಾ ಎಲ್ಲಿ ನೋಡೇನ್ರಿ ಸಾಹೇಬ್ರ? ಆದ್ರ ಯಾವ ದೇಶದಾಗೂ ಮಂದಿ ಮಂದಿನ. ಲಿಂಬಿಕಾಯಿ ಉಪ್ಪಿನಕಾಯಿ ಒಯ್ರಿ, ವಾಂತಿಗೆ ಆಕ್ಕೈತಿ."

ಗದ್ದಲದ ಜಾಗ ಬಂದರೆ ಅವಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬರ ಸೆರಗನ್ನು ಇನ್ನೊಬ್ಬರ ಸೆರಗಿಗೆ ಗಂಟು ಹಾಕುತ್ತಿದ್ದಳು. ತಾನು ಕೊನೆಗೆ ನಿಲ್ಲುತ್ತಿದ್ದಳು, ಹಿಂದಿನ ಕಣ್ಣಿಗೆ ಎಲ್ಲರೂ ಕಾಣುತ್ತಾರೆಂದು.

ನಮ್ಮ ಭಾಗ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದ ಮರುವರ್ಷ ಐವರು ಹೆಂಗಸರು ಅವಳೊಂದಿಗೆ ಮುಂಬಯಿ ಮೇಲಿಂದ ಕಾಶಿಗೆ ಹೊರಟರು. ಧಾರವಾಡದಲ್ಲಿ ಓದಿ ಸವಣೂರಿನ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ ನನ್ನನ್ನು ಬೋರ್ಡು ಓದಲೆಂದು ಕರೆದಳು. "ನೀ ಮುಂದ, ನಾ ಹಿಂದ. ನಡುವ ಇರೋರಿಗೆ ಚಿಂತಿ ಇಲ್ಲ" ಎಂದಳು.

ಮುಂಬಯಿಯ ಬೋರಿಬಂದರ ನಿಲ್ದಾಣದಲ್ಲಿ ಸಾಲು ಕಟ್ಟಿದಳು. ಮೊದಲನೆಯವಳು ಗುರವ್ವ, ಎಲ್ಲರಿಗಿಂತ ಹಿರಿಯಳು, ಕಣ್ಣಿಗೆ ಪೊರೆ ಬಂದವಳು. ಅವಳ ಸೆರಗಿನ ತುದಿಯನ್ನು ಅತ್ತಿ ನನ್ನ ಕೋಟಿನ ಕೆಳಗಿನ ಕಾಜಿನಲ್ಲಿ ತೂರಿಸಿ ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿ, ಹಿಂದೆ ಹೋಗಿ ನಿಂತಳು.

ಐವತ್ತು ಹೆಜ್ಜೆ ನಡೆದಿರಬೇಕು. ಚಹಾದಂಗಡಿಯ ಹತ್ತಿರ ನನ್ನ ಕಾಲೇಜಿನ ಗೆಳೆಯ ನಿಂತಿದ್ದ. ಬರುತ್ತೇನೆಂದು ನಾನೇ ಅವನಿಗೆ ಪತ್ರ ಬರೆದಿದ್ದೆ. ಜೊತೆಗೆ ಅವನ ಕಚೇರಿಯ ಇಬ್ಬರಿದ್ದರು, ಇಸ್ತ್ರಿ ಮಾಡಿದ ಬಟ್ಟೆಯವರು. ಅವರು ನನ್ನನ್ನು ಇನ್ನೂ ನೋಡಿರಲಿಲ್ಲ. ನಾನು ನನ್ನ ಹಿಂದಿನ ಸಾಲನ್ನು ನೋಡಿದೆ. ಜನ ದಾರಿ ಬಿಟ್ಟು ನಗುತ್ತಿದ್ದರು. ಗುರವ್ವ ತಲೆಯೆತ್ತಿ ಛಾವಣಿಯ ಬೆಳಕು ನೋಡುತ್ತಿದ್ದಳು. ಗಂಟು ಬಿಗಿಯಾಗಿತ್ತು. ಉಗುರು ಹಾಕಿ ಬಿಚ್ಚಬೇಕಾಯಿತು. ಬಿಚ್ಚಿ, ಸೆರಗನ್ನು ಮೆಲ್ಲಗೆ ಕೆಳಗೆ ಬಿಟ್ಟು ನಡೆದೆ.

"ಒಬ್ಬನ ಬಂದೀ ಏನು?" ಎಂದ ಗೆಳೆಯ.

"ಹೂಂ, ಒಬ್ಬನ" ಎಂದೆ.

ಎರಡು ನಿಮಿಷವೆಂದುಕೊಂಡಿದ್ದೆ. ಚಹಾ ಕುಡಿದೆ. ಅಷ್ಟರಲ್ಲಿ ಗಾಡಿಯೊಂದು ಬಂದು ಜನರನ್ನು ಇಳಿಸಿತು. ತಿರುಗಿ ಹೋದಾಗ ಅವರಿರಲಿಲ್ಲ.

ಮೂರು ತಾಸು ಹುಡುಕಿದೆ. ಕೊನೆಗೆ ರಸ್ತೆಯಾಚೆ ಒಂದು ಗೋಡೆಯ ಬುಡದಲ್ಲಿ ಸಾಲಾಗಿ ಕುಳಿತಿದ್ದರು, ಸೆರಗಿಗೆ ಸೆರಗು ಕಟ್ಟಿದಂತೆಯೇ. ಜನರ ನೂಕಿಗೆ ಹೊರಗೆ ಬಂದು, ಟ್ರಾಮಿನ ಹಳಿ ದಾಟುವಾಗ ಗುರವ್ವ ಬಿದ್ದಿದ್ದಳು. ಮೊಣಕಾಲು ಬಾತು ರಕ್ತ ಒಸರುತ್ತಿತ್ತು. "ತಪ್ಪಿಸ್ಕೊಂಡೋರು ಕುಂದರಬೇಕು, ಹುಡುಕೋರು ಓಡಾಡಬೇಕು" ಎಂದು ಅತ್ತಿ ಎಲ್ಲರನ್ನೂ ಅಲ್ಲೇ ಕೂರಿಸಿದ್ದಳು. ಕಾಶಿಯ ಗಾಡಿ ಹೋಗಿಬಿಟ್ಟಿತ್ತು.

"ಎಲ್ಲಿ ಹೋಗಿದ್ಯೋ ನಮ್ಮನ್ನ ಬಿಟ್ಟು?" ಎಂದು ಗುರವ್ವ ಅತ್ತಳು.

"ಗಂಟು ಸಡಲಿತ್ತು ಆಯಿ. ತಿರುಗಿ ನೋಡಿದ್ರ ನೀವ ಇರಲಿಲ್ಲ."

ಬಾಳವ್ವತ್ತಿ ನನ್ನ ಕೋಟಿನ ಕಾಜನ್ನು ನೋಡಿದಳು, ಆಮೇಲೆ ನನ್ನ ಮುಖ. "ಸಡಲಿರಬೇಕು" ಎಂದಳು. ಅಷ್ಟೇ.

ನಾಳೆಯ ಗಾಡಿಗೆ ಹೋಗೋಣವೆಂದು ಅವಳು ಕೈಮುಗಿದು ಕೇಳಿದರೂ ಹೆಂಗಸರು ಒಪ್ಪಲಿಲ್ಲ. ಕಾಶಿ ಕಾಣದೆ ಎಲ್ಲರೂ ಊರಿಗೆ ಮರಳಿದೆವು. "ಬಾಳವ್ವನ ಗಂಟು ಮುಂಬೈತನಕ ಅಷ್ಟ ನೋಡವಾ" ಎಂದು ಬಾವಿಯ ಹತ್ತಿರ ನಗುವವರು ಹುಟ್ಟಿಕೊಂಡರು. ಮರುವರ್ಷ ಶ್ರೀಶೈಲದ ಗುಂಪು ಬೇರೆಯವರ ಜೊತೆ ಹೊರಟಿತು. ಬಸ್ಸಿನ ಕಿಟಕಿಯ ಹತ್ತಿರ ನಿಂತು ಅತ್ತಿ ಉಳ್ಳಾಗಡ್ಡಿ, ನೀರು ಎಂದು ಏನೋ ಹೇಳುತ್ತಿದ್ದಳು. "ಆತು ಬಿಡ ಬಾಳವ್ವ, ನಮಗೂ ಕಣ್ಣದಾವ" ಎಂದಳೊಬ್ಬಳು. ಕಚೇರಿಗೆ ಹೋಗಲು ನಾನೂ ಅದೇ ಬಸ್ಸಿನಲ್ಲಿ ಕುಳಿತಿದ್ದೆ. ಟಿಕೀಟಿಗೆ ಚಿಲ್ಲರೆ ಎಣಿಸತೊಡಗಿದೆ. ಮುಂದೆ ಯಾರೂ ಅವಳನ್ನು ಕರೆಯಲಿಲ್ಲ. ಅವಳು ಹಂಸಭಾವಿಗೆ, ಮಗಳ ಮನೆಗೆ ಹೋಗಿ ಉಳಿದಳು.

ಆರೇಳು ವರ್ಷದ ಮೇಲೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಒಂದು ಭಾನುವಾರ ಹಂಸಭಾವಿಗೆ ಹೋದೆ. ಅತ್ತಿ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಅವತ್ತ ಗೊತ್ತಾತು. ನಾ ಹಾಕಿದ ಗಂಟು ನನಗ ಗೊತ್ತಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲ ಅತ್ತಿ?"

"ನೀ ಹೇಳ್ತಿ ಅಂತ ಕಾದ್ನಿ." ಇನ್ನೊಂದು ಕಾಯಿ ಸುಲಿದಳು. "ಗೊತ್ತಿದ್ದಾಕಿ ಮುಂದ ಹೇಳೂದು ಸಸಾರ ತಮ್ಮಾ. ಬೆಂಡಿಗೇರಿಗೆ ಹೋಗಿ ಹೇಳು. ಗುರವ್ವ ಇನ್ನಾ ಅದಾಳ."

ಹೇಳುತ್ತೇನೆ ಎಂದೆ. ಆ ಬೇಸಿಗೆಯಲ್ಲಿ ಬಾಳವ್ವತ್ತಿ ತೀರಿಕೊಂಡಳು. ನಾನು ಇನ್ನೂ ಹೋಗಿರಲಿಲ್ಲ.

ಸುದ್ದಿ ತಿಳಿದ ವಾರಕ್ಕೆ ಹಿರೇಬೆಂಡಿಗೇರಿಗೆ ಹೋಗಿ ಗುರವ್ವನ ಬಾಗಿಲಲ್ಲಿ ನಿಂತೆ. ಕೋಲೂರಿಕೊಂಡು ಬಂದು ಕಂಬಳಿ ಹಾಸಿದಳು. ಸೊಸೆಗೆ ಹೇಳಿ ಚಹಾ ಮಾಡಿಸಿದಳು.

"ಬಾಳವ್ವ ಹೋದ್ಲಂತಲ್ಲೋ" ಎಂದಳು. "ಪಾಪ, ಒಂದ ಸಲ ಅಕಿ ಕೈ ತಪ್ಪಿತು. ನಂದು ಕಾಶಿ ಹೋತು, ಕಾಲೂ ಹೋತು. ಆದ್ರ ಅಕಿ ಮ್ಯಾಲ ಸಿಟ್ಟು ಇಟ್ಕೊಂಡು ನಾ ಏನ ಮಾಡ್ಲಿ? ಮಾಫಿ ಮಾಡಿಬಿಟ್ಟೇನಿ, ತಮ್ಮಾ."

ನಾನು ಹೂಂ ಎಂದೆ. ಉಳಿದ ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.