ಓಕ್ ಮೇಜಿನ ಮೇಲಿನ ಕಪ್ಪು ಉಂಗುರ

ಗಲ್ಫಿನಲ್ಲಿ, ಅಲ್ ಬರ್ಷಾದ ಹಳೆಯ ಪೀಠೋಪಕರಣಗಳ ಅಂಗಡಿಯೊಂದರಲ್ಲಿ ನನ್ನ ಪ್ರೊಬೇಷನ್ ಮುಗಿಯಲು ಒಂದು ತಿಂಗಳು ಉಳಿದಿತ್ತು. ಇಂಗ್ಲೆಂಡಿನಿಂದ ಬಂದ ಪ್ರತಿಯೊಂದು ಸಾಮಾನಿಗೂ ಒಂದು ವಿವರಪತ್ರ ಬರೆಯುವುದು ನನ್ನ ಕೆಲಸ: ಯಾವ ಕಾಲದ್ದು, ಎಲ್ಲಿ ಬಿರಿದಿದೆ, ಎಲ್ಲಿ ರಿಪೇರಿಯಾಗಿದೆ.

ಹೆಚ್ಚಿನವು ಓಕ್ ಮರದವು. ತೇಗ, ಹಲಸು ನೋಡಿ ಬೆಳೆದವಳಿಗೆ ಅವು ಮೊದಲು ಒರಟಾಗಿ ಕಂಡಿದ್ದವು. ಒಂದು ಕಾಲಕ್ಕೆ ಸಿರಿವಂತರ ಮನೆಯಲ್ಲಿದ್ದ ಓಕ್, ಮಹಾಗನಿಯ ಫ್ಯಾಷನ್ ಬಂದಾಗ ಅಡುಗೆಮನೆಗೂ ರೈತರ ಮನೆಗೂ ಸರಿಯಿತು. ಅಲ್ಲಿ ಅದನ್ನು ಬದಲಾಯಿಸುವ ಆತುರ ಯಾರಿಗೂ ಇರಲಿಲ್ಲ, ಹಾಗಾಗಿ ಉಳಿಯಿತು. ದಪ್ಪ ಹಲಗೆ, ಮರದ್ದೇ ಗೂಟ, ಕೈ ತಾಗಿ ತಾಗಿ ನಯವಾದ ಅಂಚು. ಗಿರಾಕಿಗಳು ಮಾತಿಗೆ ಮೊದಲು ಆ ಅಂಚನ್ನು ಮುಟ್ಟುತ್ತಿದ್ದರು.

ಒಂದು ಗುರುವಾರ ಸಂಜೆ, ಅಬುಧಾಬಿಯ ವೈದ್ಯೆಯೊಬ್ಬರು ಕೊಂಡಿದ್ದ ಮುನ್ನೂರು ವರ್ಷ ಹಳೆಯ ಮೇಜಿನ ಮೇಲೆ ಎಸಿಯ ನೀರು ತೊಟ್ಟಿಕ್ಕುವುದು ಕಂಡಿತು. ಮೇಜು ಒಬ್ಬಳಿಗೆ ಸರಿಸಲಾಗದಷ್ಟು ಭಾರ. ಪೇಂಟಿನ ಖಾಲಿ ತಗಡಿನ ಡಬ್ಬಿಯೊಂದನ್ನು ಆ ಒದ್ದೆಯ ಮೇಲೆಯೇ ಹನಿಯ ಕೆಳಗಿಟ್ಟು ಮನೆಗೆ ಹೋದೆ. ಶುಕ್ರವಾರದ ರಜೆ ಮುಗಿಸಿ ಬಂದು ಶನಿವಾರ ಡಬ್ಬಿ ಎತ್ತಿದರೆ ಹಲಗೆಯ ಮೇಲೆ ಮಸಿಯಷ್ಟು ಕಪ್ಪಾದ ಉಂಗುರ. ಮೇಜು ಹೋಗಬೇಕಾದದ್ದು ಸೋಮವಾರ.

ಮ್ಯಾನೇಜರ್ ಇನ್ನೂ ಬಂದಿರಲಿಲ್ಲ. ಸತ್ವಾದಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಬಡಗಿ ಉಡುಪಿ ಕಡೆಯವರು. ಅವರನ್ನು ಆಚಾರ್ರು ಎನ್ನುತ್ತಿದ್ದೆ. ಅವರು ಬಗ್ಗಿ ಮೂಸಿ ನೋಡಿದರು.

"ಎಂತ ಮಾರಾಯ್ತಿ, ಕಬ್ಬಿಣ ಇಟ್ಟದ್ದಾ? ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುದು ನೋಡ್ಲಿಲ್ವಾ ನೀನು? ಈ ಮರದಲ್ಲಿಯೂ ಅದೇ ಚೊಗರು ಉಂಟು."

"ಉಜ್ಜಿದರೆ ಹೋಗ್ತದಾ ಆಚಾರ್ರೇ?"

"ಉಜ್ಜಿದ್ರೆ ಮುನ್ನೂರು ವರ್ಷವೂ ಹೋಗ್ತದೆ. ಇದಕ್ಕೊಂದು ಪುಡಿ ಸಿಗ್ತದೆ, ಆದ್ರೆ ಮ್ಯಾನೇಜರಿಗೆ ಹೇಳಿಯೇ ತರ್ಬೇಕು." ಉಂಗುರದ ಮೇಲೆ ಬೆರಳಾಡಿಸಿ ಕೇಳಿದರು, "ಬಿಂಬುಳಿ ಸಿಗ್ತದಾ ನಿಂಗೆ?"

ಸಿಗುತ್ತಿತ್ತು. ನಾನು ಬಾಡಿಗೆಗಿದ್ದ ಕೋಣೆಯ ಒಡತಿ ಆಂಟಿ ಮಂಗಳೂರಿನ ಕೊಂಕಣಿಯವರು; ಮೀನುಸಾರಿನ ಹುಳಿಗೆಂದು ಊರಿನಿಂದ ತಂದ ಬಿಂಬುಳಿಯನ್ನು, ಬೆರಳುದ್ದದ ಆ ಹುಳಿಕಾಯಿಯನ್ನು, ಫ್ರೀಜರಿನಲ್ಲಿ ಇಟ್ಟಿದ್ದರು. ಮಧ್ಯಾಹ್ನ ಹೋಗಿ ಕೇಳಿದೆ.

"ನೀನು ಮೀನೇ ತಿನ್ನುದಿಲ್ಲ. ಬಿಂಬುಳಿ ಯಾಕೆ?"

"ಮೇಜಿಗೆ."

"ಮೇಜಿಗೆ," ಎಂದು ಆಂಟಿ ಎಂಟು ಎಣಿಸಿ ಕೊಟ್ಟರು.

ಆಚಾರ್ರು ರಸ ಹಿಂಡಿ ಹತ್ತಿಯಲ್ಲಿ ಅದ್ದಿ ಉಂಗುರದ ಮೇಲಷ್ಟೇ ಒತ್ತಿದರು. ಪಕ್ಕದಲ್ಲಿ ಹಳೆಯ ಮೊಳೆಯೊಂದರ ಸುತ್ತ ಇನ್ನೊಂದು ಕಪ್ಪಿತ್ತು. "ಅದಕ್ಕೆ ತಾಗ್ಬಾರ್ದು. ಅದು ಅದರ ವಯಸ್ಸು." ಭಾನುವಾರ ಸಂಜೆಯ ಹೊತ್ತಿಗೆ ಉಂಗುರ ಮಾಯವಾಗಿತ್ತು. ನೀರಿನಲ್ಲಿ ಒರೆಸಿ, ಒಣಗಿಸಿ, ಮೇಣ ಹಚ್ಚಿದರು. ನಾನು ವಿವರಪತ್ರ ತೆರೆದೆ.

"ಬರಿಬೇಡ. ಹೋಯ್ತು, ಖಲಾಸ್. ಕೆಲ್ಸ ಹೋದ್ರೆ ವೀಸಾವೂ ಹೋಗ್ತದೆ."

ಅದು ನನಗೂ ಗೊತ್ತಿತ್ತು. ಆದರೆ ಆ ಪತ್ರದಲ್ಲಿ ಮೊಳೆಯ ಸುತ್ತಲಿನ ಕಪ್ಪನ್ನು ಹಳೆಯದೆಂದು ನಾನೇ ಬರೆದಿದ್ದೆ. ಕೊಳ್ಳುವವರು ಅದನ್ನು ನಂಬಬೇಕಿದ್ದರೆ ಇದನ್ನೂ ಬರೆಯಬೇಕಿತ್ತು. 'ಅಂಗಡಿಯಲ್ಲಿ ಕಬ್ಬಿಣ ತಾಗಿ ಆದ ಕರೆ. ಹುಳಿಹಣ್ಣಿನ ರಸದಿಂದ ತೆಗೆಯಲಾಗಿದೆ' ಎಂದು ಬರೆದು ಮ್ಯಾನೇಜರರ ಮೇಜಿನ ಮೇಲಿಟ್ಟೆ.

ಅವರು ಎರಡು ಸಲ ಓದಿದರು. ಗಿರಾಕಿ ಬೇಡವೆಂದರೆ ಮತ್ತೆ ಕೆಲಸಕ್ಕೆ ಬರುವುದು ಬೇಡ ಎಂದಷ್ಟೇ ಹೇಳಿದರು.

ಸೋಮವಾರ ವೈದ್ಯೆ ಬಂದು ಪತ್ರ ಓದಿ, ಕನ್ನಡಕ ಹಾಕಿ ಹಲಗೆಯ ಉದ್ದಕ್ಕೂ ಹುಡುಕಿದರು. ಸಿಗಲಿಲ್ಲ. ನಾನು ಜಾಗ ತೋರಿಸಿದೆ. ಅವರು ಅಲ್ಲಿ ಅಂಗೈ ಇಟ್ಟು, ಯಾವ ಹಣ್ಣು ಎಂದು ಕೇಳಿದರು. ಹೇಳಿದೆ. ಆ ಹೆಸರನ್ನೂ ಪತ್ರದಲ್ಲಿ ಬರೆಸಿಕೊಂಡು ಮೇಜು ಒಯ್ದರು.

ನನ್ನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಆಚಾರ್ರಿಗೆ ಹೇಳಿದಾಗ ಅವರು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ.

"ಹಾಗಾದ್ರೆ ಆಂಟಿ ಹತ್ರ ಇನ್ನೂ ಸ್ವಲ್ಪ ತರ್ಸಿ ಇಡ್ಲಿಕ್ಕೆ ಹೇಳು."