ಮೂರು ಗಡಿಯಾರ ಒಂದೇ ಹೇಳಿದಾಗ

ಮಾಲತಿ ಕಳೆದ ಆಷಾಢದಲ್ಲಿ ತೀರಿಕೊಂಡಳು. ಕಾಯ್ಕಿಣಿ ಹತ್ತಿರದ ಹೈಸ್ಕೂಲೊಂದರಲ್ಲಿ ಆಟೋಟ ಕಲಿಸುತ್ತಿದ್ದವಳು. ಊರವರ ಬಾಯಲ್ಲಿ ಪಿ.ಟಿ. ಅಕ್ಕೋರು. ನಾನು ಹೊನ್ನಾವರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಓಟಕ್ಕೂ ನನಗೂ ಸಂಬಂಧವಿಲ್ಲ, ಆದರೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸತ್ತ ಮೇಲೆ ಬಂದವರೆಲ್ಲ ಅವಳನ್ನು ಬಹಳ ಮೆದು ಸ್ವಭಾವದವಳು ಎಂದರು. ಮಾಲತಿ ಮೆದು ಅಲ್ಲ. ಮಹಾ ಹಟದವಳು. ಆ ಹಟದಿಂದ ಒಂದು ಹುಡುಗಿಯ ಬದುಕೇ ಕೈತಪ್ಪಿಹೋಗುತ್ತದೆಂದು ನನಗೇ ಭಯವಾದ ಕಾಲವೊಂದಿತ್ತು.

ಹುಡುಗಿಯ ಹೆಸರು ಬಂಗಾರಿ. ಒಂಬತ್ತನೆ ತರಗತಿ. ಅಪ್ಪ ದಾಸ ಭಟ್ಕಳದ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಕೆಲಸದವನು. ಅವಳು ನಡೆಯುವುದು ನೋಡಿದರೆ ಓಡುವವಳೆಂದು ಅನಿಸುತ್ತಿರಲಿಲ್ಲ; ಕಾಲೆಳೆದುಕೊಂಡು ನಡೆಯುತ್ತಿದ್ದಳು.

"ಇದನ್ನ ಹ್ಯಾಂಗೆ ಆರಿಸಿದೆ ನೀನು?" ಎಂದು ಒಮ್ಮೆ ಕೇಳಿದ್ದೆ.

"ಓಟದ ಕೊನೆ ನೋಡಿ ಆರಿಸ್ದೆ. ನೂರು ಮೀಟರಿನಲ್ಲಿ ಅರವತ್ತು ದಾಟಿದ ಮೇಲೆ ಎಲ್ಲರದ್ದೂ ವೇಗ ಇಳಿಯೂದೇ ಮಾರಾಯ್ತಿ. ಕಡಿಮೆ ಇಳಿದವಳು ಗೆಲ್ತಾಳೆ. ನೋಡೋರಿಗೆ ಅವಳೊಬ್ಬಳೇ ಮುನ್ನುಗ್ಗಿದ ಹಾಗೆ ಕಾಣ್ತದೆ. ಇದು ಇಳಿಯೂದು ಕಡಿಮೆ."

ಹೋದ ವರ್ಷದ ಕ್ರೀಡಾಕೂಟ ಕುಮಟೆಯಲ್ಲಿ, ಎರಡು ದಿನ. ರಜೆಯಿತ್ತು, ಮಾಲತಿಯ ಜೊತೆ ನಾನೂ ಹೋಗಿದ್ದೆ. ಅಲ್ಲಿ ನೂರು ಮೀಟರನ್ನು ಹದಿಮೂರು ಸೆಕೆಂಡು ಎರಡರೊಳಗೆ, ಎಂದರೆ ಹದಿಮೂರರ ಮೇಲೆ ಸೆಕೆಂಡಿನ ಹತ್ತರಲ್ಲಿ ಎರಡು ಪಾಲಿನೊಳಗೆ, ಓಡಿದ ಹುಡುಗಿಯರನ್ನು ಅವರ ಶಾಲೆಯವರು ಕ್ರೀಡಾ ವಸತಿ ಶಾಲೆಯ ಆಯ್ಕೆಗೆ ಕಳಿಸಬಹುದಿತ್ತು. ಆರಿಸಿಕೊಂಡರೆ ಊಟ, ವಸತಿ, ಓದು, ತರಬೇತಿ ಎಲ್ಲ ಅವರದೇ. ಆದರೆ ಒಂದು ಮಗುವಿಗೆ ಒಂದೇ ಅವಕಾಶ. ಅಲ್ಲಿಗೆ ಹೋಗಿ ಆ ಹೊತ್ತು ಮುಟ್ಟದಿದ್ದರೆ ಮತ್ತೆ ಕರೆಯುವುದಿಲ್ಲ.

ಮಧ್ಯಾಹ್ನ ಮೂರರ ಮೇಲೆ ಬಂಗಾರಿ ಓಡಿದಳು, ಮೊದಲು ಬಂದಳು. ಮೂವರು ಹೊತ್ತು ಹಿಡಿಯುವವರ ಮೂರೂ ಗಡಿಯಾರ ಹದಿಮೂರು ಸೆಕೆಂಡು ಎಂದು ತೋರಿಸಿದವು. ದಾಸ ಮಗಳನ್ನು ಎತ್ತಿ ಹೆಗಲಿಗೇರಿಸಿಕೊಂಡ. ಯಾರೋ ಪಟಾಕಿ ಹಚ್ಚಿದರು.

ಮಾಲತಿ ಮಾತ್ರ ನೆಟ್ಟಗೆ ಶ್ರೀರಾಮ ಮಾಸ್ತರ ಬೆಂಚಿನ ಕಡೆ ನಡೆದಳು. ಹೊತ್ತು ಹಿಡಿಯುವವರ ಮುಖ್ಯಸ್ಥರು ಅವರು.

"ಮಾಸ್ತರೆ, ಹಲಗೆ ನೋಡಿ ಒತ್ತಿದ್ರೋ, ಸದ್ದು ಕೇಳಿ ಒತ್ತಿದ್ರೋ?"

ಅಲ್ಲಿ ಓಟ ಶುರುಮಾಡಿಸಲು ಬಂದೂಕಿಲ್ಲ. ಕಪ್ಪು ಬಿಳಿ ಬಣ್ಣದ ಎರಡು ಮರದ ಹಲಗೆ ಒಂದಕ್ಕೊಂದು ಬಡಿಯುತ್ತಾರೆ. ನೂರು ಮೀಟರ್ ಆಚೆ ಕೂತವರು ಹಲಗೆ ಕೂಡುವುದನ್ನು ಕಣ್ಣಿನಿಂದ ನೋಡಿ ಗಡಿಯಾರ ಒತ್ತಬೇಕು.

"ಎಂತ ವ್ಯತ್ಯಾಸ ಅಕ್ಕೋರೆ?"

"ಸದ್ದು ಅಲ್ಲಿಂದ ಇಲ್ಲಿಗೆ ಬರ್ಲಿಕ್ಕೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಹತ್ತಿರ ಬೇಕು. ಅಷ್ಟು ಹೊತ್ತು ಬಂಗಾರಿ ಓಡ್ತಾ ಇತ್ತು, ನಿಮ್ಮ ಗಡಿಯಾರ ನಿಂತಿತ್ತು. ನಾನು ಇಲ್ಲೇ ಮರದ ನೆರಳಲ್ಲಿದ್ದೆ. ಹುಡುಗಿಯರು ಎದ್ದ ಮೇಲೆ ನಿಮ್ಮ ಬೆರಳು ಆಡಿದ್ದು."

"ಮೂರೂ ಗಡಿಯಾರ ಒಂದೇ ಹೇಳ್ತಾವಲ್ರಾ?"

"ಮೂವರ ಕಣ್ಣಿಗೂ ಒಂದೇ ಬಿಸಿಲು ಹೊಡೀತಿತ್ತಲ್ಲ."

ಓಟ ಶುರುವಾಗುವ ತುದಿ ಪಡುವಲು. ಇಳಿಯತೊಡಗಿದ್ದ ಸೂರ್ಯ ಹಲಗೆ ಹಿಡಿದವನ ಹಿಂದೆಯೇ ಇದ್ದ, ಹಲಗೆ ಕಾಣುವಂತಿರಲಿಲ್ಲ. ಸಮುದ್ರದ ಗಾಳಿಯೂ ಅಲ್ಲಿಂದಲೇ, ಓಡುವವರ ಬೆನ್ನಿಗೆ.

ಶ್ರೀರಾಮ ಮಾಸ್ತರು ಕನ್ನಡಕ ಒರೆಸಿಕೊಂಡರು. "ಸೋತಿದ್ದಕ್ಕೆ ಜಗಳಕ್ಕೆ ಬಂದೋರನ್ನ ಎಷ್ಟೋ ನೋಡಿದೆ. ಗೆದ್ದಿದ್ದಕ್ಕೆ ಬಂದೋರು ನೀವೇ ಮೊದಲು."

ಅಷ್ಟರಲ್ಲಿ ದಾಸ ಬಂದ. ಮಾತು ಅವನ ಕಿವಿಗೆ ಬಿದ್ದಾಗಿತ್ತು. "ಎಂತ ಅಕ್ಕೋರೆ? ಅವರೇ ಕೊಟ್ಟದ್ದನ್ನ ನೀವು ಬೇಡ ಅಂಬೂದಾ?"

"ದಾಸಣ್ಣ, ಆಯ್ಕೆ ಮಾಡುವಲ್ಲಿ ಬೆರಳಿನ ಗಡಿಯಾರ ಇಲ್ಲ, ಕರೆಂಟಿಂದು. ಅದು ಇದಕ್ಕಿಂತ ಹೆಚ್ಚೇ ತೋರಿಸ್ತದೆ. ಈಗ ಹೋದ್ರೆ ಆಗೂದಿಲ್ಲ. ಇದ್ದದ್ದೊಂದು ಅವಕಾಶ ಹೋತು ಅಂತ ಲೆಕ್ಕ."

"ಆಗೂದಿಲ್ಲ ಅಂತ ನಿಮಗೆ ಯಾರು ಹೇಳಿದ್ರು? ದೇವರಾ?"

ಬಂಗಾರಿ ಅಪ್ಪನ ಅಂಗಿ ಹಿಡಿದುಕೊಂಡು ಮಾಲತಿಯನ್ನೇ ನೋಡುತ್ತಿದ್ದಳು. ಕೊನೆಗೆ ಮಾಲತಿ ಹೇಳಿದಳು: "ನಾಳೆ ಬೆಳಿಗ್ಗೆ ಗಾಳಿ ಏಳೂದರೊಳಗೆ ಮತ್ತೊಂದ್ಸಲ ಓಡ್ಲಿ. ಬಿಸಿಲು ಮಾಸ್ತರ ಬೆನ್ನಿಗಿರ್ತದೆ. ಹದಿಮೂರು ಎರಡರೊಳಗೆ ಬಂದ್ರೆ ನಾನೇ ಕರ್ಕೊಂಡು ಹೋಗ್ತೆ. ಬರದಿದ್ರೆ ಈ ವರ್ಷ ಬೇಡ."

"ಆತು" ಎಂದ ದಾಸ. ಒಪ್ಪಿದವನ ದನಿಯಲ್ಲ ಅದು.

ಬೆಳಿಗ್ಗೆ ಹುಲ್ಲು ಇನ್ನೂ ಒದ್ದೆ. ಮೂಲೆಯ ಬಾವುಟ ಕಂಬಕ್ಕೆ ಅಂಟಿಕೊಂಡಿತ್ತು. ಹೊತ್ತು ಹಿಡಿಯುವ ಮೂವರೂ ಬಂದಿದ್ದರು. ಶ್ರೀರಾಮ ಮಾಸ್ತರು ಗೊಣಗುತ್ತಲೇ ಕೂತರು. ಜೊತೆಗಿರಲಿ ಎಂದು ಇನ್ನಿಬ್ಬರು ಹುಡುಗಿಯರನ್ನು ಮಾಲತಿ ನಿಲ್ಲಿಸಿದಳು. ನಾನು ಅವಳ ಪಕ್ಕದಲ್ಲಿದ್ದೆ.

"ಎರಡರೊಳಗೆ ಬರ್ಲಿ ಅಂತಲೇ ಬೇಡ್ತಾ ಇದ್ದೆ, ತಿಳೀತಾ?" ಎಂದಳು ಮೆಲ್ಲಗೆ. "ನಂದೇ ತಪ್ಪಾಗ್ಲಿ."

ಹಲಗೆ ಕೂಡಿದ್ದು ಕಂಡಿತು. ಆಮೇಲೆ ಸದ್ದು. ಇಬ್ಬರೂ ಹುಡುಗಿಯರು ಅರ್ಧಕ್ಕೇ ಹಿಂದುಳಿದರು. ಬಂಗಾರಿ ಒಬ್ಬಳೇ, ಬಾಯಿ ತೆರೆದುಕೊಂಡು, ನಮ್ಮ ಕಡೆ ಬಂದಳು. ಕೊನೆಗೆ ಅವಳ ಹೆಗಲು ಬಿಗಿಯಾಗಿ ಮೇಲೆದ್ದಿತು. ಮಾಲತಿಯ ಬಾಯಿಂದ "ಅಯ್ಯೋ" ಎಂದು ಬಂದಿತು.

ಶ್ರೀರಾಮ ಮಾಸ್ತರು ಮೂರೂ ಗಡಿಯಾರ ನೋಡಿದರು. ಎರಡು ಹದಿಮೂರು ಮೂರು, ಒಂದು ಹದಿಮೂರು ನಾಲ್ಕು. ನಡುವಿನದನ್ನು ಹಿಡಿದರೆ ಹತ್ತರಲ್ಲಿ ಒಂದು ಪಾಲು ಹೆಚ್ಚು. ಗೊಣಗಾಟ ನಿಂತುಹೋಗಿತ್ತು.

"ನಿನ್ನೆ ಓಡಿ ದಣಿದದೆ ಅದು!" ದಾಸ ಕೂಗಿದ.

"ಇರಬಹುದು" ಎಂದಳು ಮಾಲತಿ. "ದಣಿದದ್ದು ಬಿಟ್ರೂ, ಕರೆಂಟಿನ ಗಡಿಯಾರಕ್ಕೆ ಸಾಲೂದಿಲ್ಲ ದಾಸಣ್ಣ."

ಅವನು ಮಗಳ ಕೈ ಹಿಡಿದು ಹೊರಟುಹೋದ. ನಮ್ಮ ಕಡೆ ತಿರುಗಲಿಲ್ಲ. ಹೊನ್ನಾವರದ ಬಸ್ಸಿನಲ್ಲಿ ಮಾಲತಿ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. "ದಣಿವಿನ ಲೆಕ್ಕ ನನಗೆ ಸರಿಯಾಗಿ ಗೊತ್ತಿಲ್ಲ. ನಾನು ತಪ್ಪಿದ್ರೆ ಆ ಮಗು ಹೋತು" ಎಂದಳು.

ಅನಂತರ ಬಂಗಾರಿ ಮೈದಾನಕ್ಕೆ ಬರಲಿಲ್ಲ. ಮಾಲತಿ ದಿನಾ ಬೆಳಿಗ್ಗೆ ಹೋಗಿ ನಿಲ್ಲುತ್ತಿದ್ದಳು, ಬೇರೆ ಮಕ್ಕಳನ್ನು ಓಡಿಸುತ್ತಿದ್ದಳು, ರಸ್ತೆ ನೋಡುತ್ತಿದ್ದಳು. ಊರಲ್ಲಿ ಮಾತು ಕೆಟ್ಟಿತ್ತು. ಬಡವರ ಮಗಳು ಮೇಲೆ ಬರುವುದು ಅಕ್ಕೋರಿಗೆ ಸಹಿಸಲಾಗಲಿಲ್ಲ ಎಂದರು. ಚಳಿ ಮುಗಿಯುವ ಹೊತ್ತಿಗೆ ಒಂದು ದಿನ ದಾಸನ ಬೈಕು ಬಂದು ನಿಂತಿತು, ಹಿಂದೆ ಬಂಗಾರಿ.

"ನಾ ಕರ್ಕೊಂಡು ಬಂದದ್ದಲ್ಲ" ಎಂದ, ಬೈಕು ಆರಿಸದೆ. "ಇದೇ ಹಟ ಹಿಡೀತು. ಊಟ ಬಿಡ್ತು."

"ಹಟದವಳೇ ಬೇಕಾದ್ದು" ಎಂದಳು ಮಾಲತಿ. ಬಂಗಾರಿಗೆ ಹೇಳಿದ್ದು ಇಷ್ಟೇ: "ಕೊನೇಲಿ ಹೆಗಲು ಬಿಗಿ ಮಾಡ್ತೆ ನೀನು. ಅಲ್ಲೇ ಇದೆ ಆ ಒಂದು ಪಾಲು. ಬಾ."

ಯುಗಾದಿಯ ಸುಮಾರಿಗೆ ಮಾಲತಿಯ ಕಾಯಿಲೆ ಗೊತ್ತಾಯಿತು. ನಿಲ್ಲಲಾಗದಾದಾಗ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಕೂಗಲಾಗದಾದಾಗ ಕೈಯಿಂದ ತನ್ನ ಹೆಗಲು ಮುಟ್ಟಿ ತೋರಿಸುತ್ತಿದ್ದಳು. ಮಳೆ ಹಿಡಿದ ಮೇಲೆ ಮೈದಾನಕ್ಕೆ ಹೋಗುವುದು ನಿಂತಿತು. ಆಮೇಲೆ ಉಳಿದದ್ದು ಕೆಲವೇ ದಿನ.

ಈ ವರ್ಷದ ಕೂಟದಲ್ಲಿ ಬಂಗಾರಿಗೆ ಹದಿಮೂರು ಎರಡರೊಳಗಿನ ಒಳ್ಳೆಯ ಹೊತ್ತು ಬಂತು. ಆಯ್ಕೆಗೆ ಹೋಗಬೇಕೋ ಬೇಡವೋ ಎಂದು ದಾಸ ನನ್ನನ್ನು ಕೇಳಿದ. ನನಗೇನು ತಿಳಿಯುತ್ತದೆ? ಹೋಗೋಣ ಎಂದೆ, ಜೊತೆಗೆ ಹೋದೆ.

ಅಲ್ಲಿ ಕೆಂಪು ರಬ್ಬರಿನ ಹಾದಿ, ಗುರಿಯ ಹತ್ತಿರ ದೀಪದ ಫಲಕ. ಓಟ ಮುಗಿದು ಅಂಕಿ ಮೂಡುವವರೆಗೆ ದಾಸ ಬೇಲಿಯ ಸರಳು ಬಿಡಲಿಲ್ಲ. ಹದಿಮೂರು ಸೆಕೆಂಡು ಒಂದು. ಬಂಗಾರಿ ಫಲಕ ನೋಡಿದಳು, ನನ್ನನ್ನು ನೋಡಿದಳು.

"ಇದು ಖರೆಯಾ ಅಕ್ಕೋರೆ?"

"ಖರೆ" ಎಂದೆ.

ದಾಸ ಅಳುತ್ತಿದ್ದ. ಮೂಗು ಒರೆಸಿಕೊಂಡು, "ಆದ್ರೂ ಒಂದು ವರ್ಷ ಹೋತಲ್ರಾ" ಎಂದ.

ಹೋಯಿತು, ನಿಜ. ಅದಕ್ಕೆ ಉತ್ತರ ಕೊಡಬೇಕಾದವಳು ಅಲ್ಲಿರಲಿಲ್ಲ. ನಾನು ಬಂಗಾರಿಗೆ ನೀರಿನ ಬಾಟಲಿ ಕೊಟ್ಟೆ.