ತಡೆಯಾಜ್ಞೆಯ ಗರಡಿ

ನಾನು ಇದನ್ನು ಬರೆಯಲು ನನ್ನ ರೋಗಿಗಳಿಬ್ಬರೂ ಒಪ್ಪಿದ್ದಾರೆ. ಯಾರ ಹೆಸರು ಮೊದಲು ಬರಬೇಕು ಎಂಬುದರಲ್ಲಿ ಮಾತ್ರ ಒಪ್ಪಿಗೆಯಾಗಲಿಲ್ಲ. ವಯಸ್ಸಿನ ಪ್ರಕಾರ ಇಟ್ಟಿದ್ದೇನೆ.

ಕೃಷ್ಣಪ್ಪನವರಿಗೆ ಐವತ್ತಾರು ವರ್ಷ. ಕೆಂಗೇರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ, ಎರಡು ಮಳಿಗೆಗಳ ಬಾಡಿಗೆ ಬರುತ್ತದೆ, ಹೆಂಡತಿ ಲತಾ ಬೇಕಾದ್ದಕ್ಕಿಂತ ಚೆನ್ನಾಗಿ ಅಡುಗೆ ಮಾಡುತ್ತಾರೆ. ಇಲ್ಲದಿದ್ದದ್ದು ನಿದ್ದೆ ಒಂದೇ. ನನ್ನ ಕ್ಲಿನಿಕ್ಕಿಗೆ ಬಂದು ಕುಳಿತು, "ಕಣ್ಣು ಮುಚ್ಚಿದ್ರೆ ಜಡ್ಜ್ ಸಾಹೇಬ್ರು ಕಾಣ್ತಾರೆ ಮೇಡಂ, ತೆಗೆದ್ರೆ ಉದಯ ಕಾಣ್ತಾನೆ" ಎಂದರು. ರಕ್ತದೊತ್ತಡ ನೋಡಿದೆ. ಹಾಗೇ ಬಿಡುವಂತಿರಲಿಲ್ಲ.

ಉದಯಕುಮಾರ್ ಅವರ ಚಿಕ್ಕಪ್ಪನ ಮಗ, ಅವರಿಗಿಂತ ಮೂರು ವರ್ಷ ಚಿಕ್ಕವರು. ತಾತನ ಹೊಲವೆಲ್ಲ ಬಡಾವಣೆಯಾದ ಮೇಲೆ ಆರು ಗುಂಟೆ ಉಳಿದಿತ್ತು. ಅದರ ಮೇಲೊಂದು ಹಳೆಯ ಗರಡಿ ಮನೆ. ಆರು ಗುಂಟೆಯೂ ತನ್ನದೇ ಎಂದು ಇಬ್ಬರೂ ನಾಲ್ಕು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದರು. ತೀರ್ಪು ಬರುವವರೆಗೆ ಅಲ್ಲಿ ಏನನ್ನೂ ಕಟ್ಟಬಾರದು, ಕೆಡವಬಾರದು, ಮಾರಬಾರದು ಎಂದು ಕೋರ್ಟಿನ ತಡೆಯಾಜ್ಞೆ ಇತ್ತು. ಒಬ್ಬರೊಡನೊಬ್ಬರು ಮಾತಾಡಬಾರದು ಎಂಬುದು ಇಬ್ಬರ ವಕೀಲರ ಆಜ್ಞೆ.

ಮಾತ್ರೆ ಬರೆದುಕೊಟ್ಟು, ದಿನಾ ನಡೆಯಿರಿ ಎಂದೆ. ಪಾರ್ಕಿಗೆ ಹೋದರು. ಎರಡು ವಾರ ಬಿಟ್ಟು ಬಂದಾಗ ಒತ್ತಡ ಇನ್ನೂ ಏರಿತ್ತು.

"ಪಾರ್ಕಲ್ಲಿ ಎಲ್ರಿಗೂ ನನ್ನ ಕೇಸು ಗೊತ್ತು ಮೇಡಂ. ಒಂದೊಂದು ಸುತ್ತಿಗೂ ಒಬ್ಬೊಬ್ಬ ವಕೀಲ ಜೊತೆಗೆ ಬರ್ತಾನೆ. ಅದ್ರಲ್ಲಿ ಒಬ್ಬ ರಿಟೈರ್ಡ್ ಪಶು ಡಾಕ್ಟ್ರು."

ಹಾಗಾದರೆ ಜಿಮ್ಮಿಗೆ ಹೋಗಿ ಎಂದೆ. ಅಲ್ಲಿ ನಾಲ್ಕೂ ಗೋಡೆಗೆ ಕನ್ನಡಿ. ಒಂದೇ ಹೊಟ್ಟೆಯನ್ನು ನಾಲ್ಕು ಕಡೆಯಿಂದ ನೋಡಬೇಕಾಯಿತು. ಟ್ರೆಡ್‌ಮಿಲ್ ಬಗ್ಗೆ ಅವರ ದೂರು ಬೇರೆಯದು: "ದುಡ್ಡು ಕಟ್ಟಿ, ಬೆವರು ಸುರಿಸಿ, ನಿಂತ ಜಾಗದಲ್ಲೇ ಇರೋದು. ಅದಕ್ಕೆ ನಂಗೆ ಕೋರ್ಟೇ ಇದೆಯಲ್ಲ?"

ಕೊನೆಗೆ ಅವರೇ ಗರಡಿಯ ಮಾತೆತ್ತಿದರು. ಮದುವೆಯಾಗುವವರೆಗೆ ಅಲ್ಲಿ ಕುಸ್ತಿ ಮಾಡಿದ್ದರಂತೆ. ನಾನು ಒಪ್ಪಿದೆ, ಆದರೆ ಷರತ್ತು ಹಾಕಿದೆ. ಮೂವತ್ತು ವರ್ಷ ಕೂತ ದೇಹಕ್ಕೆ ಹಳೆಯ ಪಟ್ಟುಗಳ ನೆನಪಿರುತ್ತದೆ, ಅವನ್ನು ತಾಳುವ ಶಕ್ತಿ ಇರುವುದಿಲ್ಲ. ಈ ವಯಸ್ಸಿನಲ್ಲಿ ಹೆಚ್ಚಿನವರು ಕೈಕಾಲು ಮುರಿದುಕೊಳ್ಳುವುದು ಸೋಮಾರಿತನದಿಂದಲ್ಲ, ಮೊದಲ ವಾರದ ಹುಮ್ಮಸ್ಸಿನಿಂದ. ಒತ್ತಡ ಇಳಿಯುವವರೆಗೆ ಯಾರನ್ನೂ ಎತ್ತಬಾರದು, ಎತ್ತಿಸಿಕೊಳ್ಳಲೂಬಾರದು ಎಂದೆ.

ಗರಡಿಯ ಉಸ್ತಾದ್ ಚನ್ನವೀರಪ್ಪ ನನಗಿಂತ ಬಿಗಿ. ಎರಡು ತಿಂಗಳು ಕೃಷ್ಣಪ್ಪನವರಿಂದ ಕುಸ್ತಿಯಾಡುವ ಮಟ್ಟಿಯ ಕೆಂಪು ಮಣ್ಣನ್ನು ಗುದ್ದಲಿಯಲ್ಲಿ ಅಗೆಸಿ, ನೀರು ಚಿಮುಕಿಸಿ ಹದ ಮಾಡಿಸಿದರು. ಆಮೇಲೆ ಬಸ್ಕಿ, ಅದೂ ಗೋಡೆ ಹಿಡಿದುಕೊಂಡು. ಒತ್ತಡ ಸ್ವಲ್ಪ ಇಳಿಯಿತು. ನಿದ್ದೆ ಬರಲಿಲ್ಲ.

ಅಷ್ಟರಲ್ಲಿ ಉದಯಕುಮಾರ್ ನನ್ನಲ್ಲಿಗೆ ಬಂದರು. ಅದೇ ದೂರು, ಅದೇ ಒತ್ತಡ. ಕಣ್ಣು ಮುಚ್ಚಿದರೆ ಕಾಣುವವರು ಮಾತ್ರ ಬೇರೆ.

"ಅವನು ದಿನಾ ಗರಡಿಗೆ ಹೋಗ್ತಾ ಇದಾನಂತೆ ಡಾಕ್ಟರಮ್ಮ. ಹಿಂಗೇ ಬಿಟ್ರೆ ಜಾಗ ಅವನ ಸ್ವಾಧೀನದಲ್ಲಿದೆ ಅಂತ ಆಗೋಯ್ತದೆ ಅಂದ್ರು ನಮ್ಮ ಲಾಯರ್ರು. ನಾನೂ ಹೋಗ್ಬೇಕು. ಹೆಲ್ತಿಗೇನೂ ತೊಂದ್ರೆ ಇಲ್ವಾ?"

ಸ್ವಾಧೀನಕ್ಕಾಗಿ ಬಸ್ಕಿ ಹೊಡೆಯುವ ರೋಗಿ ನನ್ನ ನಲವತ್ತೈದು ವರ್ಷದ ವೃತ್ತಿಯಲ್ಲಿ ಸಿಕ್ಕಿರಲಿಲ್ಲ. ಕಾರಣ ಏನಾದರೂ ಇರಲಿ, ಬಸ್ಕಿ ಬಸ್ಕಿಯೇ. ಅವರಿಗೂ ಅದೇ ಮಾತ್ರೆ ಬರೆದು, ಅದೇ ಷರತ್ತು ಹೇಳಿ ಕಳಿಸಿದೆ.

ಹೀಗೆ ವಾದಿಯೂ ಪ್ರತಿವಾದಿಯೂ ಒಂದೇ ಮಣ್ಣನ್ನು ಆ ತುದಿಯಿಂದ ಒಬ್ಬರು, ಈ ತುದಿಯಿಂದ ಒಬ್ಬರು ಅಗೆಯತೊಡಗಿದರು. ಇಬ್ಬರ ಒತ್ತಡವೂ ಹದಕ್ಕೆ ಬಂದ ಮೇಲೆ ಕುಸ್ತಿಗೆ ನಾನು ಒಪ್ಪಿಗೆ ಕೊಟ್ಟೆ. ಉಸ್ತಾದರಿಗೆ ಜೋಡಿ ಹುಡುಕುವ ಕಷ್ಟವಿರಲಿಲ್ಲ. ಗರಡಿಯಲ್ಲಿ ಉಳಿದವರೆಲ್ಲ ಇಪ್ಪತ್ತರ ಹುಡುಗರು. ಆ ವಯಸ್ಸಿಗೆ, ಆ ತೂಕಕ್ಕೆ ಸರಿಸಮ ಇವರಿಬ್ಬರೇ.

"ಕೇಸು ಬಾಗಿಲ ಆಚೆ. ಚಪ್ಪಲಿ ಜೊತೆಗೆ ಬಿಟ್ಟು ಬನ್ನಿ," ಎಂದು ಹೇಳಿ ಉಸ್ತಾದ್ ಇಬ್ಬರನ್ನೂ ಮಟ್ಟಿಗೆ ಇಳಿಸಿದರು.

ಮಾತಾಡಬಾರದು ಎಂಬ ವಕೀಲರ ಆಜ್ಞೆ ಅಲ್ಲಿಯೂ ನಡೆಯಿತು.

"ಉಸ್ತಾದ್, ಅವ್ನಿಗೆ ಹೇಳಿ, ಕತ್ತು ಬಿಡು ಅಂತ."

"ಬಿಡಲ್ಲ ಅಂತ ಹೇಳಿ ಉಸ್ತಾದ್."

"ಹಂಗಾದ್ರೆ ಕಿವೀನಾದ್ರೂ ಬಿಡಕ್ಕೆ ಹೇಳಿ. ಕಿವಿ ಪಟ್ಟಲ್ಲಿ ಬರಲ್ಲ."

ಮೊದಲ ದಿನ ಕೃಷ್ಣಪ್ಪ ಉದಯನನ್ನು ಚಿತ್ ಮಾಡಿದರು. ಮನೆಗೆ ಬಂದು ಮುದ್ದೆ ಉಂಡು, ಕೈ ತೊಳೆಯುವ ಮೊದಲೇ ಕೂತಲ್ಲಿ ನಿದ್ದೆ ಹೋದರು. ಲತಾ ಗಾಬರಿಯಾಗಿ ನನಗೆ ಫೋನ್ ಮಾಡಿದರು. ಗೊರಕೆಯ ಸದ್ದು ನನಗೇ ಕೇಳುತ್ತಿತ್ತು. ಮರುದಿನ ಉದಯ ಕೃಷ್ಣಪ್ಪನವರನ್ನು ಚಿತ್ ಮಾಡಿದರು. ಅಂದೂ ನಿದ್ದೆ ಬಂತು. ಗೆದ್ದರೂ ಸರಿ, ಸೋತರೂ ಸರಿ, ಉದಯನನ್ನು ಹಿಡಿದು ಅರ್ಧ ಗಂಟೆ ಗುದ್ದಾಡಿದರೆ ಸಾಕಾಗಿತ್ತು. ಹುಡುಗರೊಡನೆ ಆಡಿ ನೋಡಿದರು, ಮೈ ನೋಯಿತೇ ಹೊರತು ನಿದ್ದೆ ಬರಲಿಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ವಿವರಣೆ ಹುಡುಕಿದೆ. ಸಿಕ್ಕಲಿಲ್ಲ. ಉದಯಕುಮಾರ್ ಸ್ಥಿತಿಯೂ ಹಾಗೆಯೇ ಇತ್ತು. ಇಬ್ಬರ ಮಾತ್ರೆಯನ್ನೂ ಅರ್ಧಕ್ಕೆ ಇಳಿಸಿದೆ.

ಹೀಗೆ ಒಂದು ವರ್ಷ ಆದ ಮೇಲೆ ಕೋರ್ಟಿನ ಅಮೀನ ನೋಟಿಸು ಹಿಡಿದು ಗರಡಿಗೇ ಬಂದ. ಮನೆಗಳಲ್ಲಿ ಹುಡುಕಿದರೆ, ಇಬ್ಬರೂ ಗರಡಿಯಲ್ಲಿದ್ದಾರೆಂದು ಮನೆಯವರು ಹೇಳಿ ಕಳಿಸಿದ್ದರು. ಉದಯನ ತೋಳಿನಡಿ ಕೃಷ್ಣಪ್ಪನವರ ತಲೆ ಸಿಕ್ಕಿಕೊಂಡಿತ್ತು.

"ಇಬ್ರೂ ಸೈನ್ ಮಾಡ್ಬೇಕು ಸಾರ್."

"ಕೈ ಬಿಟ್ರೆ ಪಟ್ಟು ಹೋಯ್ತದೆ," ಎಂದರು ಉದಯ.

"ಏನ್ ಬರ್ದಿದೆ ಓದಿ," ಎಂದು ಕೃಷ್ಣಪ್ಪ ಕೆಳಗಿನಿಂದ ಹೇಳಿದರು.

ಅಮೀನ ಚಪ್ಪಲಿ ಬಿಟ್ಟು ಮಟ್ಟಿಯ ಅಂಚಿನಲ್ಲಿ ಕುಳಿತು ಓದಿದ. ಲೋಕ್ ಅದಾಲತ್ತಿನಲ್ಲಿ ರಾಜಿ. ಒಬ್ಬ ಬಿಲ್ಡರ್ ಆರು ಗುಂಟೆಗೂ ಒಳ್ಳೆಯ ಬೆಲೆ ಕೊಡುತ್ತಾನೆ, ಅರ್ಧರ್ಧ ಹಂಚಿಕೊಳ್ಳುವುದು, ಎರಡೂ ಕಡೆಯ ವಕೀಲರು ಒಪ್ಪಿದ್ದಾರೆ. ಉದಯನ ಕೈ ತಾನಾಗಿ ಸಡಿಲವಾಯಿತು. ನೋಟಿಸು ತಲುಪಿತೆಂದು ಇಬ್ಬರೂ ಕೆಂಪು ಮಣ್ಣಿನ ಹೆಬ್ಬೆಟ್ಟು ಒತ್ತಿದರು.

ಮನೆಯವರಿಗೆಲ್ಲ ಸಂತೋಷ. ಲತಾ ಹೊಸ ಅಡುಗೆಮನೆಯ ಯೋಚನೆಯಲ್ಲಿದ್ದರು. ಕೃಷ್ಣಪ್ಪ ಮಾತ್ರ ಮತ್ತೆ ಕಣ್ಣು ಕೆಂಪಗೆ ಮಾಡಿಕೊಂಡು ನನ್ನೆದುರು ಬಂದು ಕೂತರು. ಒತ್ತಡ ಮೊದಲಿದ್ದಲ್ಲಿಗೇ ಏರಿತ್ತು.

"ಒಂದು ಸರ್ಟಿಫಿಕೇಟ್ ಬೇಕು ಮೇಡಂ. ರಾಜಿ ಇವರ ಆರೋಗ್ಯಕ್ಕೆ ಹಾನಿಕರ ಅಂತ."

"ಹಾಗೆಲ್ಲ ಬರೆಯುವುದಕ್ಕೆ ಬರುವುದಿಲ್ಲ."

"ಬೀಡಿ ಮೇಲೆ ಬರೀತಾರಲ್ಲ?"

ಕೊಡಲಿಲ್ಲ. ಅದೇ ಸಂಜೆ ಉದಯಕುಮಾರ್ ಬಂದು ಅದನ್ನೇ ಕೇಳಿದರು. ಅವರಿಗೂ ಕೊಡಲಿಲ್ಲ. ನೀವೇ ಬೇಡ ಎನ್ನಿ ಎಂದರೆ, "ನಾನು ಮೊದ್ಲು ಬೇಡ ಅಂದ್ರೆ ಹೆದರಿದ ಅಂತಾನೆ" ಎಂದು ಇಬ್ಬರೂ ಹೇಳಿದರು.

ಅದಾಲತ್ತಿನಲ್ಲಿ ನಾನಿರಲಿಲ್ಲ. ನಡೆದದ್ದನ್ನು ಇಬ್ಬರೂ ಬೇರೆ ಬೇರೆ ಬಂದು ಹೇಳಿದರು. ಎರಡು ಹೇಳಿಕೆಗಳೂ ತಾಳೆಯಾದವು. ಈ ಮೊಕದ್ದಮೆಯಲ್ಲಿ ಅದು ಮೊದಲನೆಯ ಸಲ.

ರಾಜಿಪತ್ರವನ್ನು ಮೇಜಿನ ಮೇಲಿಟ್ಟು ನ್ಯಾಯಾಧೀಶೆ ಪೆನ್ನು ಮುಂದೆ ಮಾಡಿದರು. ಕೃಷ್ಣಪ್ಪ ಪೆನ್ನನ್ನು ಉದಯನ ಕಡೆ ಸರಿಸಿದರು. ಉದಯ ಅದನ್ನು ಹಿಂದಕ್ಕೆ ಸರಿಸಿದರು. ಪೆನ್ನು ಹೀಗೆ ನಾಲ್ಕಾರು ಸಲ ಓಡಾಡಿದ ಮೇಲೆ ಉದಯನಿಗೆ ತಡೆಯಲಾಗಲಿಲ್ಲ.

"ಅಣ್ಣ, ಬೇಡ ಅಂತ ನೀನು ಅಂತೀಯೋ, ನಾನು ಅನ್ಲೋ?"

ಉದಯನ ವಕೀಲ ತಲೆ ಮೇಲೆ ಕೈ ಹೊತ್ತ. ಐದು ವರ್ಷದ ಮೌನ ಹಾಳಾಗಿತ್ತು.

"ಇಬ್ರೂ ಒಟ್ಟಿಗೆ ಅನ್ನಣ ಕಣ್ಲಾ," ಎಂದರು ಕೃಷ್ಣಪ್ಪ. ಇಬ್ಬರೂ ಒಟ್ಟಿಗೆ ಬೇಡ ಎಂದರು.

"ಇಬ್ಬರದೂ ಒಂದೇ ಮಾತು ಅಂದ ಮೇಲೆ ವ್ಯಾಜ್ಯ ಎಲ್ಲಿದೆ? ಗರಡಿ ಉಳಿಸಿಕೊಳ್ಳುತ್ತೇವೆ ಅಂತಲೇ ರಾಜಿ ಬರೆಯಿರಿ," ಎಂದರು ನ್ಯಾಯಾಧೀಶೆ.

"ಬರೆದ್ರೆ ತಡೆಯಾಜ್ಞೆ ಹೋಯ್ತದೆ ತಾಯಿ. ನಾಳೆನೇ ಮನೆಯವ್ರೆಲ್ಲ ಸೇರಿ ಮಾರು ಅಂತಾರೆ. ಈಗ ಯಾರೂ ಮುಟ್ಟಂಗಿಲ್ಲ," ಎಂದರು ಉದಯ.

"ಅದೊಂದೇ ಅಲ್ಲ," ಎಂದರು ಕೃಷ್ಣಪ್ಪ. "ಇವನ ಮೇಲೆ ಕೋಪ ಇಲ್ದಿದ್ರೆ ನನ್ ಕೈಲಿ ಎತ್ತಕ್ಕಾಗಲ್ಲ. ಎಂಬತ್ತೆಂಟು ಕೇಜಿ ಇದಾನೆ. ಸುಮ್ನೆ ಪ್ರೀತಿಯಿಂದ ಎತ್ತೋ ತೂಕ ಅಲ್ಲ ಇದು."

ರಾಜಿ ಬಿದ್ದುಹೋಯಿತು. ಮೊಕದ್ದಮೆ ಮೊದಲಿನ ಕೋರ್ಟಿಗೆ ಹಿಂದಿರುಗಿ ಮುಂದಿನ ತಾರೀಖು ಪಡೆಯಿತು. ಮರುದಿನ ಬೆಳಿಗ್ಗೆ ಕೃಷ್ಣಪ್ಪನವರನ್ನು ಉದಯ ಚಿತ್ ಮಾಡಿದರು. ಕೃಷ್ಣಪ್ಪ ಅಂಗಡಿಗೆ ಹೋಗಿ, ಗಿರಾಕಿಗೆ ಮೊಳೆ ತೂಗುತ್ತಾ ತಕ್ಕಡಿ ಹಿಡಿದೇ ನಿದ್ದೆ ಹೋದರು. ಲತಾ ಒಂದು ವಾರ ಅವರೊಡನೆ ಮಾತಾಡಲಿಲ್ಲ. ಅದರಿಂದ ಒತ್ತಡ ಏರಿದ್ದು ಕಾಣಲಿಲ್ಲ.

ಕಳೆದ ತಿಂಗಳು ಪರೀಕ್ಷೆಗೆ ಬಂದಾಗ ಮಾಮೂಲಿನಂತೆ ಅಂಗಿ ತೋಳು ಮೇಲೆತ್ತಿದರು. ಮುಖದಲ್ಲಿ ಹೊಸದೊಂದು ಚಿಂತೆ ಇತ್ತು.

"ಹೊಸ ಜಡ್ಜ್ ಬಂದಿದಾರೆ ಮೇಡಂ. ತುಂಬ ಚುರುಕಂತೆ. ಆದ್ರೂ ಅಪೀಲು, ಅದರ ಮೇಲೊಂದು ಅಪೀಲು ಅಂತ ಇನ್ನೂ ಹದಿನೈದು ವರ್ಷ ಎಳೀಬಹುದು ಅಂತಾರೆ ನಮ್ಮ ಲಾಯರ್ರು. ಅಷ್ಟು ದಿನ ನಾನು ಇರ್ತೀನಾ?"

"ಉಪ್ಪಿನಕಾಯಿ ಬಿಟ್ಟರೆ ಇರಬಹುದು," ಎಂದೆ.

ಎತ್ತಿದ ತೋಳು ಇಳಿಸದೆ ಕೇಳಿದರು: "ಉದಯಂಗೂ ಬಿಡಕ್ಕೆ ಹೇಳಿದೀರಾ?"

ಹೇಳಿದ್ದೇನೆ ಎಂದೆ. ಸಮಾಧಾನವಾಗಿ ಅಂಗಿ ತೋಳು ಇಳಿಸಿಕೊಂಡು ಹೋದರು.